ತಲೆ ಎಣಿಕೆ, ಒಲೆ ಎಣಿಕೆ: ನಗರ ವಲಸೆ ಮತ್ತು ಕೊಡಗಿನ ಕುಟುಂಬ ರಚನೆ

2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561, 2011ರಲ್ಲಿ 5,54,519. ಹತ್ತು ವರ್ಷಗಳ ಬೆಳವಣಿಗೆ ಶೇ. 1.09. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆಯಿತು, ಇನ್ನೊಂದು ಕಾಫಿ ಜಿಲ್ಲೆಯಾದ ಚಿಕ್ಕಮಗಳೂರಿನ ಜನಸಂಖ್ಯೆ ತುಸು ಇಳಿಯಿತು. ಕೊಡಗಿನ ಅಂಕಿಯನ್ನು ನೋಡಿ ಅಲ್ಲಿ ಹೆಚ್ಚೇನೂ ಬದಲಾಗಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ಒಂದೊಂದು ಒಲೆಯ ಸುತ್ತ ಯಾರಿದ್ದಾರೆ ಎಂದು ಕೇಳಿದರೆ ಚಿತ್ರವೇ ಬೇರೆ ಎಂಬುದು ಈ ಲೇಖನದ ವಾದ.

ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತ ಸಾಮಾನ್ಯವಾಗಿ ಒಟ್ಟಿಗೆ ಬಾಳುವವರನ್ನು ಜನಗಣತಿ ಒಂದು ಕುಟುಂಬವೆಂದು ಎಣಿಸುತ್ತದೆ. ಸಣ್ಣ ಬೆಳೆಗಾರರ ಮನೆಗಳಲ್ಲಿ ಈ ಅಡುಗೆಮನೆ ಒಡೆಯುವುದು ಹೆಚ್ಚಾಗಿ ಮಕ್ಕಳ ಓದಿನಿಂದ. ಹೈಸ್ಕೂಲಿನ ಹೊತ್ತಿಗೆ ತಾಯಿ ಮಕ್ಕಳೊಂದಿಗೆ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ. ತಂದೆ ತೋಟದಲ್ಲಿ ವಯಸ್ಸಾದ ಅಪ್ಪ–ಅಮ್ಮನ ಜೊತೆ ಉಳಿಯುತ್ತಾನೆ. ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರೂ ಹಾಗೆಯೇ ಇರುತ್ತದೆ. ಓದು ಮುಗಿಸಿದ ಮಕ್ಕಳು ಬೆಂಗಳೂರಿನಲ್ಲಿ ಕೆಲಸ ಹಿಡಿಯುತ್ತಾರೆ. ಕೊನೆಗೆ ತೋಟದ ಮನೆಯಲ್ಲಿ ಉಳಿಯುವವರು ಇಬ್ಬರು ಹಿರಿಯರು, ಎಷ್ಟೋ ಕಡೆ ಒಬ್ಬರೇ. ಒಂದೇ ಮನೆತನದ, ಅಂದರೆ ಒಕ್ಕದ, ಜನರೆಲ್ಲ ಪೂರ್ವಿಕರ ಮನೆಯಾದ ಐನ್‌ಮನೆಯಲ್ಲಿ ಸೇರುವುದು ಸುಗ್ಗಿಯ ಹುತ್ತರಿಯಂಥ ಹಬ್ಬಕ್ಕೆ ಮಾತ್ರ. ಜಿಲ್ಲೆಯ ಲಿಂಗಾನುಪಾತ (ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ) 2001ರ 996ರಿಂದ 2011ರಲ್ಲಿ 1,019ಕ್ಕೆ ಏರಿದ್ದನ್ನೂ, ಬೆಂಗಳೂರು ನಗರ ಜಿಲ್ಲೆಯಲ್ಲಿ ಅದು 916 ಇದ್ದದ್ದನ್ನೂ ಕೆಲಸಕ್ಕಾಗಿ ಹೊರಟ ಗಂಡಸರ ವಲಸೆಯ ಜೊತೆಗಿಟ್ಟೇ ಓದಬೇಕು.

ಹೋದವರ ಜಾಗಕ್ಕೆ ಬಂದವರು ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿದ್ದಾರೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕಾರ್ಮಿಕರಲ್ಲಿ ನಾಲ್ಕಾರು ಗಂಡಸರು ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡರೆ ಅದೂ ಒಂದು ಕುಟುಂಬವೇ, ರಕ್ತಸಂಬಂಧ ಇರಲಿ ಬಿಡಲಿ. ಇಲ್ಲಿ ಕಾಲಮಾನವನ್ನೂ ಗಮನಿಸಬೇಕು. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ರೊಬಸ್ಟಾ ಕೊಯ್ಲು ಭರದಲ್ಲಿರುವ ದಿನಗಳವು. ಆ ಅವಧಿಯುದ್ದಕ್ಕೂ ಊರಿನಿಂದ ದೂರವಿದ್ದವರನ್ನು ಇದ್ದಲ್ಲಿಯೇ ಎಣಿಸುವುದು ನಿಯಮ. ಮಳೆಗಾಲದಲ್ಲಿ ಎಣಿಸಿದ್ದರೆ ಲೈನ್ ಮನೆಗಳ ಲೆಕ್ಕ ಬೇರೆಯೇ ಆಗುತ್ತಿತ್ತು.

ಮೂರನೆಯ ಬಗೆಯದು ನಗರದವರ ವಾರಾಂತ್ಯದ ಮನೆ, ಅಲ್ಲಿ ಒಲೆ ಉರಿಯುವುದೇ ಅಪರೂಪ. 1964ರಲ್ಲಿ ರೂತ್ ಗ್ಲಾಸ್ ಲಂಡನ್ನಿನ ಕೂಲಿಗಾರರ ಬಡಾವಣೆಗಳಿಗೆ ಮಧ್ಯಮ ವರ್ಗ ಬಂದು ನೆಲೆಸಿದ್ದನ್ನು ವಿವರಿಸುತ್ತ ಜೆಂಟ್ರಿಫಿಕೇಶನ್ ಎಂಬ ಪರಿಕಲ್ಪನೆ ಕೊಟ್ಟರು. ಅಲ್ಲಿ ಹಣವಂತರು ಬಂದು ವಾಸಮಾಡಿದರು. ಕೊಡಗಿಗೆ ಬರುವುದು ಹಣ. ಒಡೆಯ ವಾರಾಂತ್ಯಕ್ಕೆ ಬಂದು ಹೋಗುತ್ತಾನೆ, ಮನೆ ಕಾಯಲು ಒಬ್ಬ ಆಳು ಇರುತ್ತಾನೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ತೆಗೆದುಹಾಕಿದ ಮೇಲೆ ಗದ್ದೆಗಳಿಗೂ ನಗರದ ಗಿರಾಕಿಗಳು ಬರುವ ದಾರಿ ತೆರೆಯಿತು. ನಗರದ ಸಂಬಳ ನಿಗದಿಮಾಡಿದ ಬೆಲೆಗೆ ಊರಿನ ಯುವ ದಂಪತಿ ಮನೆ ಕಟ್ಟಲು ಐದು ಸೆಂಟ್ಸ್ ಜಾಗ ಕೊಳ್ಳುವುದೂ ಕಷ್ಟ. ನನ್ನ ದೃಷ್ಟಿಯಲ್ಲಿ ಹೆಚ್ಚು ಆತಂಕದ ಸಂಗತಿ ಇದೇ: ಹೊರಟವರು ಮರಳಲು ಬಯಸಿದರೂ ಮರಳುವ ಜಾಗದ ಬೆಲೆ ಅವರ ಕೈಮೀರಿರುತ್ತದೆ. ಮಕ್ಕಳಿಲ್ಲದ ಊರಿನಲ್ಲಿ ಶಾಲೆ ಉಳಿಯುವುದಿಲ್ಲ. ಶಾಲೆ ಹೋದರೆ ಇದ್ದ ಒಂದೆರಡು ಕುಟುಂಬಗಳೂ ಮೈಸೂರಿನ ದಾರಿ ಹಿಡಿಯುತ್ತವೆ.

ಪಡಿತರ, ವೃದ್ಧರ ಆರೈಕೆ, ಅಂಗನವಾಡಿ ಎಲ್ಲವೂ ತಲೆ ಎಣಿಕೆಯನ್ನೇ ನೆಚ್ಚಿವೆ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದು 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಕಾಯದೆ ಗ್ರಾಮ ಪಂಚಾಯಿತಿಗಳು ವರ್ಷಕ್ಕೆರಡು ಬಾರಿ, ಕೊಯ್ಲಿನಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಪ್ರತಿ ಮನೆಯಲ್ಲಿ ನಿಜಕ್ಕೂ ಉಣ್ಣುವವರು ಯಾರು, ಅವರ ವಯಸ್ಸೆಷ್ಟು, ಬೀಗ ಬಿದ್ದ ಮನೆಗಳೆಷ್ಟು ಎಂದು ಬರೆದಿಡಬೇಕು. ಈ ಕೆಲಸಕ್ಕೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವು ಪಡೆಯಬಹುದು, ಅದಕ್ಕೆ ಪ್ರತ್ಯೇಕ ಗೌರವಧನ ಕೊಟ್ಟು.