ಕಾವು ಕೂರೋದು ಯಾರು?

ನಮ್ಮ ನರಸಾಪುರದ ಹೈವೇ ಪಕ್ಕ ‘ನಾಟಿ ಕೋಳಿ ಸಾರು, ಮುದ್ದೆ’ ಅಂತ ಬೋರ್ಡು ಹಾಕಿಕೊಂಡ ಹೋಟೆಲುಗಳು ಬೇಕಾದಷ್ಟಿವೆ. ಅಷ್ಟೊಂದು ನಾಟಿ ಕೋಳಿ ಎಲ್ಲಿಂದ ಬರುತ್ತೆ ಅಂತ ಕೇಳೋರು ಕಡಿಮೆ. ಹಿತ್ತಲಲ್ಲಿ ಹತ್ತು ಕೋಳಿ ಸಾಕೋಣ ಅಂತ ಹೊರಟ ಗೆಳೆಯರು ಮಾತ್ರ ತಪ್ಪದೆ ಕೇಳ್ತಾರೆ: ನಾಟಿ ತರೋದಾ, ಗಿರಿರಾಜ ತರೋದಾ, ಎರಡನ್ನೂ ಒಟ್ಟಿಗೆ ಬಿಡೋದಾ?

ಮೊದಲು ‘ಅಸಲಿ ನಾಟಿ’ ಅನ್ನೋ ಮಾತನ್ನು ನೋಡೋಣ. ಊರು ಕೋಳಿಗಳ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದೊಂದೇ ಮೂಲ ಅಂತ ಡಾರ್ವಿನ್ ನಂಬಿದ್ದ. ಆದರೆ 2008ರಲ್ಲಿ ಜೀನ್‌ಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕೋಳಿಯ ಹಳದಿ ಚರ್ಮ, ಹಳದಿ ಕಾಲು ಬೇರೆ ಕಡೆಯಿಂದ ಬಂದದ್ದು ಕಂಡಿತು. ಅದನ್ನು ಕೊಟ್ಟದ್ದು ನಮ್ಮ ಪಶ್ಚಿಮಘಟ್ಟದ ಕಡೆಯ ಬೂದು ಕಾಡುಕೋಳಿ. ಅಂದರೆ ಬೆರಕೆ ಶುರುವಾಗಿ ಸಾವಿರಾರು ವರ್ಷ ಆಯ್ತು. ಇನ್ನೊಂದು ಕಥೆ ಕೇಳಿ. ನಮ್ಮ ಪಕ್ಕದ ಆಂಧ್ರದಲ್ಲಿ ಪಂದ್ಯಕ್ಕೆ ಸಾಕುವ ಅಸೀಲ್ ಕೋಳಿಯ ಜಾತಿ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಯಿತು. ಅಲ್ಲಿ ಬೇರೆ ತಳಿಗಳ ಜೊತೆ ಸೇರಿ ಕಾರ್ನಿಷ್ ಆಯಿತು. ಕಾರ್ನಿಷ್ ಹುಂಜಕ್ಕೆ ಅಮೆರಿಕದ ಪ್ಲಿಮತ್ ರಾಕ್ ಹೇಂಟೆ ಜೊತೆಯಾಗಿ ಬ್ರಾಯ್ಲರ್ ಹುಟ್ಟಿತು. ಭಾನುವಾರ ಅಂಗಡಿ ಮುಂದೆ ಪಂಜರದಲ್ಲಿ ಮಂಕಾಗಿ ಕೂತಿರೋ ಬಿಳಿ ಕೋಳಿ ನಮ್ಮ ಪಂದ್ಯದ ಕೋಳಿಗೆ ದೂರದ ನೆಂಟ! ಹಾಗಾಗಿ ಬೆರಕೆ ಆಯಿತಲ್ಲ ಅಂತ ಮೂಗು ಮುರಿಯೋದರಲ್ಲಿ ಅರ್ಥವಿಲ್ಲ. ಬೆರೆಸಿದಾಗ ಏನು ಬಂತು, ಏನು ಹೋಯಿತು ಅಂತ ಲೆಕ್ಕ ಇಡಬೇಕು ಅಷ್ಟೇ.

ಹೋದದ್ದು ಕಾವು. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು, ಮಂಕರಿಯಲ್ಲಿ 21 ದಿನ ಕೂತು, ಮರಿ ಮಾಡಿ, ಅವು ತಾವೇ ಕೆದಕಿ ತಿನ್ನೋ ತನಕ ಹಿಂದೆ ಹಾಕ್ಕೊಂಡು ತಿರುಗುತ್ತೆ. ಅಷ್ಟು ದಿನವೂ ಮೊಟ್ಟೆ ಇಲ್ಲ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಬಂದರೆ ಅದೇ ಹೆಚ್ಚು. ಕಾವಿಗೆ ಕೂರದ ಕೋಳಿ ಹೆಚ್ಚು ಮೊಟ್ಟೆ ಇಡುತ್ತೆ. ಹೆಚ್ಚು ಇಡೋದನ್ನೇ ತಲೆಮಾರುಗಟ್ಟಲೆ ಆರಿಸುತ್ತಾ ಬಂದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ತಾಯಿತನವನ್ನು ಕಳೆಯುತ್ತಾ ಬಂದರು. ಲೆಗ್‌ಹಾರ್ನ್‌ಗೆ ಕಾವು ಅಂದರೆ ಏನೂಂತಲೇ ಮರೆತುಹೋಗಿದೆ ಅಂತ ಇಟ್ಕೊಳ್ಳಿ.

ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1980ರ ದಶಕದ ಕೊನೆಗೆ ಗಿರಿರಾಜ ತಂದಾಗ ಅವರ ಮುಂದಿದ್ದದ್ದು ನಮ್ಮಂಥ ಊರುಗಳ ತಿಪ್ಪೆ, ಹಿತ್ತಲು. ಆ ಲೆಕ್ಕದಲ್ಲಿ ಅದು ಜಾಣ ಕೆಲಸ. ಮೈ ಬಣ್ಣಬಣ್ಣ, ಹಾಗಾಗಿ ಬಿಳಿ ಕೋಳಿಯ ಹಾಗೆ ಹದ್ದಿನ ಕಣ್ಣಿಗೆ ಥಟ್ಟನೆ ಬೀಳೋದಿಲ್ಲ. ಮಾರೋಕೆ ಹೋದರೆ ನಾಟಿಯ ಹಾಗೇ ಕಾಣುತ್ತೆ. ಮೊಟ್ಟೆ ಕಂದು. ತೂಕ ಮೂರು ಕೇಜಿ ದಾಟುತ್ತೆ, ವರ್ಷಕ್ಕೆ ನೂರು ಮೊಟ್ಟೆಗೂ ಮೇಲೆ. 2005ರಲ್ಲಿ ಸ್ವರ್ಣಧಾರಾ ಬಂತು; ಮೈ ಸ್ವಲ್ಪ ಹಗುರ, ಹಾಗಾಗಿ ನಾಯಿ ಬೆಕ್ಕಿನಿಂದ ತಪ್ಪಿಸಿಕೊಳ್ಳೋದರಲ್ಲಿ ಚುರುಕು, ಮೊಟ್ಟೆಯೂ ಜಾಸ್ತಿ. ಆದರೆ ಇವು ಕಾವಿಗೆ ಕೂರೋದಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮಮ್ಮ ಗಿರಿರಾಜ ಸಾಕಿದ್ದಳು. ಮೊಟ್ಟೆ ತಂದು ನಾಟಿ ಹೇಂಟೆ ಕೆಳಗೆ ಇಡೋಳು. ಮೊಟ್ಟೆ ದಪ್ಪ, ಹೇಂಟೆ ಚಿಕ್ಕದು. ಹನ್ನೆರಡು ಇಡೋ ಕಡೆ ಎಂಟೋ ಒಂಬತ್ತೋ ಇಡಬೇಕಿತ್ತು. ಎರಡು ತಿಂಗಳಲ್ಲೇ ಮಕ್ಕಳು ತಾಯಿಗಿಂತ ಎತ್ತರ ಬೆಳೆದು, ಆದರೂ ಅವಳ ಹಿಂದೆಯೇ ಓಡಾಡೋದನ್ನು ನೋಡೋಕೆ ಪಕ್ಕದ ಮನೆಯೋರು ಬರೋರು. ಕೋಳಿ ದುಡ್ಡು ಅಂದರೆ ಹೆಂಗಸರ ದುಡ್ಡು, ಅದಕ್ಕೆ ಗಂಡಸರು ಕೈ ಹಾಕೋ ಹಾಗಿರಲಿಲ್ಲ. ಗಿರಿರಾಜದ ದುಡ್ಡು ನಾಟಿ ಹೇಂಟೆಯ ಕಾವಿನಿಂದ ಬಂದದ್ದು ಅನ್ನೋದು ಅವರಿಗೆಲ್ಲ ಗೊತ್ತಿತ್ತು. ಕೋಳಿ ಸಾಕಣೆಯ ಚರಿತ್ರೆ ಬರೆಯೋರು ಇಲಾಖೆ, ಕಾಲೇಜು, ಹ್ಯಾಚರಿ ಎಲ್ಲದರ ಹೆಸರೂ ಬರೀತಾರೆ, ಇವಳದ್ದನ್ನು ಬಿಟ್ಟು.

ಇನ್ನೊಂದು ತೊಡಕಿದೆ. ಗಿರಿರಾಜದ ಹುಂಜ, ಹೇಂಟೆಯನ್ನೇ ಬಿಟ್ಟು ಮರಿ ಮಾಡಿಸಿದರೆ ಮರಿಗಳು ಒಂದೊಂದು ಒಂದೊಂದು ಥರ ಬರುತ್ತವೆ. ಹೈಬ್ರಿಡ್ ಟೊಮೇಟೊ ಹಣ್ಣಿನ ಬೀಜ ತೆಗೆದು ಬಿತ್ತಿದ ಹಾಗೆ. ಕೋಲಾರದೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಮಾಡಿದೋರಿಗಂತೂ ಬೇಡವೇ ಬೇಡ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಸೇರಿಸಿದರೆ ಮಿಶ್ರತಳಿ. ಆ ಹಳದಿ ಗೂಡನ್ನು ಮಾರುಕಟ್ಟೆಗೆ ಹಾಕ್ತೀವೇ ಹೊರತು ಬಿತ್ತನೆಗೆ ಇಟ್ಟುಕೊಳ್ಳಲ್ಲ; ಮೊಟ್ಟೆ ಪ್ರತಿಸಲ ಬಿತ್ತನೆ ಕೋಠಿಯಿಂದಲೇ ಬರಬೇಕು. ಮಿಶ್ರತಳಿ ಬೇಕು ಅಂದರೆ ಮೈಸೂರು ತಳಿ ಎಲ್ಲೋ ಒಂದು ಕಡೆ ಕೆಡದೆ ಇರಬೇಕಲ್ಲ? ಅದಕ್ಕೇ 1959ರಲ್ಲಿ ರೇಷ್ಮೆ ಬಿತ್ತನೆಗೆ ಕಾಯ್ದೆ ಬಂತು. ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ವಲಯ ಉಳಿಯಿತು. ಸಣ್ಣ ಗೂಡು, ಕಡಿಮೆ ನೂಲು, ಆದರೂ ಆ ಹುಳುವನ್ನು ಸರ್ಕಾರ ಕಾಪಾಡಿತು.

ನಾಟಿ ಹೇಂಟೆಗೆ ಅಂಥ ವಲಯ ಯಾವುದೂ ಇಲ್ಲ. ಬದಲಿಗೆ ಹಿಂದಿನ ಯೋಜನೆಗಳಲ್ಲಿ ಊರ ಹುಂಜ ತೆಗೆದು ರೋಡ್ ಐಲೆಂಡ್ ರೆಡ್, ಲೆಗ್‌ಹಾರ್ನ್ ಹುಂಜ ಬಿಡಿ ಅನ್ನೋದೇ ಸುಧಾರಣೆ ಆಗಿತ್ತು. ಆಮೇಲೆ ಗಿರಿರಾಜದ ಹುಂಜಗಳು ಬೀದಿಗೆ ಬಂದವು. ನಾಟಿ ಹೇಂಟೆಯ ಹೆಣ್ಣುಮರಿಗಳು ದಪ್ಪ ಆದವು, ಅವುಗಳಲ್ಲಿ ಎಷ್ಟೋ ಕಾವಿಗೆ ಕೂರೋದನ್ನು ಬಿಟ್ಟವು. ಈಚೆಗೆ ಕೈಗಾರಿಕಾ ಪ್ರದೇಶ ಬಂತು, 2013ರಲ್ಲಿ ಹೋಂಡಾ ಶುರುವಾಯಿತು, ಹಿತ್ತಲಿದ್ದ ಕಡೆ ಬಾಡಿಗೆ ರೂಮುಗಳು ಎದ್ದವು. ತಿಪ್ಪೆಯೇ ಇಲ್ಲದ ಮೇಲೆ ಕೋಳಿ ಏನು ಕೆದಕುತ್ತೆ?

ಹಾಗಂತ ನಾಟಿಯೊಂದನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳಲ್ಲ. ಮೊಟ್ಟೆ ಮಾರಿ ಫೀಸು ಕಟ್ಟೋ ಮನೆಗೆ ಆ ಮಾತು ಹೇಳೋದು ಸುಲಭವಲ್ಲ, ಸರಿಯೂ ಅಲ್ಲ. ಹತ್ತು ಕೋಳಿ ಸಾಕೋರು ಏಳು ಸ್ವರ್ಣಧಾರಾ ಇಟ್ಟುಕೊಳ್ಳಲಿ, ಮೂರು ನಾಟಿ ಹೇಂಟೆ ಇರಲಿ. ಹುಂಜ ಒಂದೇ ಇಡೋದಾದರೆ ನಾಟಿ ಹುಂಜವೇ ಇರಲಿ. ಸ್ವರ್ಣಧಾರಾ ಮರಿಯನ್ನು ಯಾವಾಗಲಾದರೂ ತರಬಹುದು, ಕಾವು ಕೂರೋ ಹೇಂಟೆಯ ಮಗಳು ಮಾತ್ರ ಮನೆಯಲ್ಲೇ ಹುಟ್ಟಬೇಕು. ಕೊಕ್ಕರೆ ರೋಗದ ಲಸಿಕೆ ಎಲ್ಲದಕ್ಕೂ ಹಾಕಿಸಿ. ನಾಟಿಗೆ ರೋಗ ಬರಲ್ಲ ಅನ್ನೋದು ಸುಳ್ಳು.

ಈಗ ನಮ್ಮ ಬೀದಿಯಲ್ಲಿ ಕಾವಿಗೆ ಕೂರೋ ಹೇಂಟೆ ಇರೋದು ಎರಡೇ ಮನೆಯಲ್ಲಿ. ಮೊಟ್ಟೆ ಇಟ್ಟುಕೊಂಡು ಕಾಯೋರು ಆ ಮನೆ ಬಾಗಿಲಿಗೆ ಹೋಗಿ, ‘ಅಕ್ಕ, ನಿಮ್ಮ ಕೋಳಿ ಕಾವಿಗೆ ಬಂದರೆ ಒಂದು ಮಾತು ಹೇಳಿ’ ಅಂತಾರೆ. ಹುಟ್ಟಿದ ಮರಿಯಲ್ಲಿ ಅರ್ಧ ಹೇಂಟೆಯ ಮನೆಗೆ, ಅರ್ಧ ಮೊಟ್ಟೆಯ ಮನೆಗೆ.