ಚೇಳು ಕಡಿತ

ಚೇಳಿನ ಬಾಲದ ತುದಿಯಲ್ಲಿರುವ ಕೊಂಡಿಯ ಮೂಲಕ ವಿಷವು ಮಾನವ ಶರೀರವನ್ನು ಸೇರುವುದರಿಂದ ಉಂಟಾಗುವ ಅವಸ್ಥೆಯೇ ಚೇಳು ಕಡಿತ. 'ಕಡಿತ' ಎಂಬುದು ರೂಢಿಯ ಮಾತು. ಚೇಳು ಬಾಯಿಯಿಂದ ಕಚ್ಚುವುದಿಲ್ಲ, ಕೊಂಡಿಯಿಂದ ಕುಟುಕುತ್ತದೆ.

ಕರ್ನಾಟಕದಲ್ಲಿ ಕರಿಚೇಳು, ಕೆಂಪುಚೇಳುಗಳೆರಡೂ ಇವೆ. ಕೋಟ, ಕುಂದಾಪುರ, ಬೈಂದೂರು ಮೊದಲಾದ ಕರಾವಳಿಯ ಊರುಗಳಲ್ಲಿ ಮುರಕಲ್ಲಿನ ಸಂದು, ಕಟ್ಟಿಗೆಯ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆಗಳು ಚೇಳಿಗೆ ಒಳ್ಳೆಯ ಅಡಗುತಾಣ. ದಪ್ಪ ಇಕ್ಕಳಗಳ ಕರಿಚೇಳು ನೋಡಲು ಭಯಂಕರವಾದರೂ ಅದರ ಕುಟುಕು ಸಾಮಾನ್ಯವಾಗಿ ಉರಿ, ಬಾವುಗಳಲ್ಲಿ ಮುಗಿಯುತ್ತದೆ. ಪ್ರಾಣಾಪಾಯ ತರುವುದು ಸಪೂರ ಇಕ್ಕಳ, ದಪ್ಪ ಬಾಲದ, ಗಾತ್ರದಲ್ಲಿ ಚಿಕ್ಕದಾದ ಕೆಂಪುಚೇಳು (ಹೊಟ್ಟೆಂಟೋಟ ಟಮುಲಸ್).

ವಿಷದ ಪರಿಣಾಮ

ಕೆಂಪುಚೇಳಿನ ವಿಷವು ನರಕೋಶಗಳ ಸೋಡಿಯಂ ಮಾರ್ಗಗಳು ಸಕಾಲದಲ್ಲಿ ಮುಚ್ಚದಂತೆ ಮಾಡಿ, ಪೊಟ್ಯಾಸಿಯಂ ಮಾರ್ಗಗಳನ್ನು ತಡೆಯುತ್ತದೆ. ನರಗಳು ಬಿಡುವಿಲ್ಲದೆ ಪ್ರಚೋದನೆಗೊಂಡು ಅಡ್ರಿನಲಿನ್ ಮುಂತಾದ ದ್ರವ್ಯಗಳು ರಕ್ತಕ್ಕೆ ಧಾರಾಳವಾಗಿ ಬಿಡುಗಡೆಯಾಗುತ್ತವೆ. ವಾಂತಿ, ಮೈಯೆಲ್ಲ ತೋಯುವಷ್ಟು ಬೆವರು, ಜೊಲ್ಲು ಸುರಿಯುವುದು, ಪುರುಷರಲ್ಲಿ ಶಿಶ್ನದ ನಿಮಿರುವಿಕೆ, ಕೈಕಾಲು ತಣ್ಣಗಾಗುವುದು ಮೊದಲ ಸೂಚನೆಗಳು. ಬಳಿಕ ರಕ್ತದೊತ್ತಡ ಏರಿ ಹೃದಯ ಬಳಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಕೆಮ್ಮಿದರೆ ನಸುಗೆಂಪು ನೊರೆ ಬರುತ್ತದೆ. ಇದೆಲ್ಲ ಕೆಲವೇ ಗಂಟೆಗಳಲ್ಲಿ ನಡೆಯಬಹುದು. ಮಕ್ಕಳಿಗೆ ಅಪಾಯ ಹೆಚ್ಚು. ಕುಟುಕಿದ ಜಾಗದ ನೋವು ಅಪಾಯದ ಅಳತೆಗೋಲಲ್ಲ; ನೋವು ಅಲ್ಪವಾಗಿದ್ದರೂ ಹೃದಯಕ್ಕೆ ಪೆಟ್ಟು ಬಿದ್ದಿರಬಹುದು.

ಚಿಕಿತ್ಸೆ

ಈ ವಿಷಯದಲ್ಲಿ ದಾರಿ ತೋರಿದವರು ಕೊಂಕಣ ಕರಾವಳಿಯ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ದೊಡ್ಡ ಆಸ್ಪತ್ರೆಯ ಸೌಕರ್ಯವಿಲ್ಲದ ಹಳ್ಳಿಗಾಡಿನಲ್ಲಿ ರೋಗಿಗಳ ಪಕ್ಕದಲ್ಲೇ ಕುಳಿತು ಲಕ್ಷಣಗಳನ್ನು ದಾಖಲಿಸಿದ ಅವರು, ರಕ್ತದೊತ್ತಡದ ಮಾತ್ರೆಯಾದ ಪ್ರಜೋಸಿನ್‌ನ ಉಪಯೋಗವನ್ನು 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತೀವ್ರ ಪ್ರಕರಣಗಳಲ್ಲಿ ಶೇಕಡಾ 30ರಷ್ಟಿದ್ದ ಸಾವು ಮುಂದೆ ಶೇಕಡಾ 1ರ ಆಸುಪಾಸಿಗೆ ಇಳಿಯಿತು. ಪ್ರಜೋಸಿನ್ ಜೊತೆಗೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಎಂದು 2011ರ ಅಧ್ಯಯನವೊಂದು ತೋರಿಸಿತು. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿದೆ.

ನಂಬಿಕೆಗಳು

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಜನರು ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಚೇಳು ಕಡಿತಕ್ಕೆ ಮಂತ್ರ ಹಾಕಿಸುವ ರೂಢಿಯೂ ಹಲವೆಡೆ ಇದೆ. ಕರಿಚೇಳಿನ ಉರಿ ತಾನಾಗಿಯೇ ಇಳಿಯುವುದರಿಂದ ಅದರ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ಕುಟುಕಿದ್ದು ಕೆಂಪುಚೇಳಾಗಿದ್ದು, ಕುಟುಕಿಸಿಕೊಂಡದ್ದು ಮಗುವಾಗಿದ್ದರೆ, ಹೀಗೆ ಕಳೆದ ಹೊತ್ತೇ ಪ್ರಾಣಕ್ಕೆ ಎರವಾಗುತ್ತದೆ. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ವಿಷ ಹೀರುವುದು ನಿಷ್ಪ್ರಯೋಜಕ. ವಾಂತಿ ಅಥವಾ ಬೆವರು ಕಂಡೊಡನೆ ಆಸ್ಪತ್ರೆಗೆ ಒಯ್ಯಬೇಕು.