ವಿಡಿಯೊ ನೋಡಿ ಮರ ಕಡಿಯಲು ಹೊರಟಿದ್ದೀರಾ? ತೆರೆಯ ಮೇಲೆ ಕಾಣದ ಅಪಾಯಗಳಿವು

ಮಳೆಗಾಲ ಹತ್ತಿರ ಬಂದರೆ ಮನೆಯತ್ತ ವಾಲಿದ ಮರದ ಚಿಂತೆ ಶುರುವಾಗುತ್ತದೆ. ಮರ ಕಡಿಯುವವರು ಬೇಗ ಸಿಗುವುದಿಲ್ಲ, ಸಿಕ್ಕರೂ ಕೂಲಿ ದುಬಾರಿ. ಇತ್ತ ಪೆಟ್ರೋಲ್ ಚೈನ್‌ಸಾ ಆನ್‌ಲೈನ್‌ನಲ್ಲಿ ಕೆಲವೇ ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುತ್ತದೆ. ಬಳಸುವುದು ಹೇಗೆ ಎಂದು ಹುಡುಕಿದರೆ ನೂರಾರು ವಿಡಿಯೊ. ಒಂದೇ ನಿಮಿಷದಲ್ಲಿ ಮರ ಬೇಕಾದ ಕಡೆಗೇ ಉರುಳುತ್ತದೆ. ಇಷ್ಟೇ ತಾನೇ ಅನಿಸುತ್ತದೆ.

ಸಮಸ್ಯೆ ಇರುವುದೇ ಅಲ್ಲಿ. ವಿಡಿಯೊದಲ್ಲಿ ಕಾಣುವುದು ಕೊಯ್ಯುವ ಒಂದು ನಿಮಿಷ. ಅದಕ್ಕೂ ಮೊದಲು ಮರವನ್ನು ಸುತ್ತಿ ನೋಡಿದ್ದು, ಓಡಲು ದಾರಿ ಮಾಡಿಕೊಂಡಿದ್ದು, ಜನರನ್ನು ದೂರ ಕಳಿಸಿದ್ದು ಎಡಿಟಿಂಗ್‌ನಲ್ಲಿ ಹೋಗಿರುತ್ತದೆ. ಕೆಲವರು ಅದನ್ನು ಮಾಡಿರುವುದೇ ಇಲ್ಲ, ಅದೃಷ್ಟದಿಂದ ಬಚಾವಾಗಿರುತ್ತಾರೆ. ಅಂಥ ಅದೃಷ್ಟವೇ 'ಸುಲಭ ಉಪಾಯ' ಎಂಬ ಹೆಸರಿನಲ್ಲಿ ಹರಿದಾಡುತ್ತದೆ.

ಇದು ಎಷ್ಟು ಅಪಾಯದ ಕೆಲಸ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2022ರ ಲೆಕ್ಕದಂತೆ ಅಲ್ಲಿ ಮರ ಕಡಿಯುವ ಉದ್ಯೋಗದಲ್ಲಿ ಪ್ರತಿ 1 ಲಕ್ಷ ಪೂರ್ಣಾವಧಿ ಕಾರ್ಮಿಕರಿಗೆ ಸುಮಾರು 100 ಮಂದಿ ಸಾವನ್ನಪ್ಪಿದ್ದಾರೆ. ಎಲ್ಲ ಉದ್ಯೋಗಗಳ ಸರಾಸರಿ 4ಕ್ಕಿಂತ ಕಡಿಮೆ. ಯಂತ್ರ, ಅನುಭವ ಇರುವ ವೃತ್ತಿಪರರ ಕಥೆಯೇ ಹೀಗಿದೆ.

ಭಾರದ ಲೆಕ್ಕವನ್ನೂ ನೋಡಿ. 40 ಸೆಂ.ಮೀ. ದಪ್ಪ, 10 ಮೀಟರ್ ಉದ್ದದ ಹಸಿ ಕಾಂಡ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. 15 ಮೀಟರ್ ಎತ್ತರದ ಮರ ಬುಡದಿಂದ ಉರುಳಿದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ಅದರ ತುದಿ ನೆಲ ಮುಟ್ಟುವ ವೇಗ ಗಂಟೆಗೆ 75 ಕಿ.ಮೀ. ದಾಟುತ್ತದೆ. ಹಗ್ಗ ಹಿಡಿದು ನಿಂತ ಇಬ್ಬರು ಇದನ್ನು ತಡೆಯಲಾರರು.

ವಿಡಿಯೊ ಹೇಳದ 'ಹಿಂಜ್'

ಮರ ಎತ್ತ ಬೀಳಬೇಕೋ ಆ ಕಡೆ ಮೊದಲು ಬಾಯಿ ತೆರೆದಂಥ ಕಚ್ಚು ಹಾಕುತ್ತಾರೆ. ಆಮೇಲೆ ಹಿಂದಿನಿಂದ ಕೊಯ್ಯುತ್ತಾರೆ. ಎರಡರ ನಡುವೆ ಸ್ವಲ್ಪ ಮರವನ್ನು ಕೊಯ್ಯದೆ ಉಳಿಸಬೇಕು. ಇದೇ ಹಿಂಜ್. ಬಾಗಿಲ ತಿರುಗಣೆಯಂತೆ ಇದು ಮರವನ್ನು ನಿಧಾನವಾಗಿ, ಒಂದೇ ದಿಕ್ಕಿಗೆ ಇಳಿಸುತ್ತದೆ. ಸಾಮಾನ್ಯ ನಿಯಮದಂತೆ ಇದರ ದಪ್ಪ ಕಾಂಡದ ವ್ಯಾಸದ ಹತ್ತನೇ ಒಂದು ಭಾಗ. ಅಂದರೆ 40 ಸೆಂ.ಮೀ. ಮರಕ್ಕೆ ಸುಮಾರು 4 ಸೆಂ.ಮೀ.

'ಪೂರ್ತಿ ಕೊಯ್ದುಬಿಡಿ, ತಾನಾಗಿ ಬೀಳುತ್ತದೆ' ಎನ್ನುವ ವಿಡಿಯೊ ಈ ತಿರುಗಣೆಯನ್ನೇ ತುಂಡು ಮಾಡಿಸುತ್ತದೆ. ಆಗ ಮರ ಪಕ್ಕಕ್ಕೆ ತಿರುಗಬಹುದು, ಬುಡದಿಂದ ಜಾರಬಹುದು, ಕೊಯ್ಯುವವರತ್ತಲೇ ಬರಬಹುದು. ಟೊಳ್ಳು ಅಥವಾ ಗೆದ್ದಲು ಹಿಡಿದ ಮರದಲ್ಲಿ ಹಿಂಜ್‌ಗೆ ಬಲವೇ ಇರುವುದಿಲ್ಲ. ಇನ್ನು ತೆಂಗಿನ ಕಾಂಡದ ನಾರಿನ ರಚನೆಯೇ ಬೇರೆ. ವಿದೇಶದ ಪೈನ್ ಮರದ ವಿಡಿಯೊದಲ್ಲಿ ಕಂಡ ಲೆಕ್ಕ ನಮ್ಮ ಹಿತ್ತಲಿನ ಮರಕ್ಕೆ ಹಾಗೆಯೇ ಹೊಂದುವುದಿಲ್ಲ.

ಮುಂದಕ್ಕೆ ಹೆಚ್ಚು ವಾಲಿದ ಮರದಲ್ಲಿ ಇನ್ನೊಂದು ಅಪಾಯವಿದೆ. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಕಾಂಡ ಉದ್ದುದ್ದಕ್ಕೆ ಸೀಳಿ, ಸೀಳಿದ ಭಾಗ ಮೇಲೆ, ಹಿಂದಕ್ಕೆ ಚಿಮ್ಮುತ್ತದೆ. ವೃತ್ತಿಪರರು ಇದನ್ನು 'ಬಾರ್ಬರ್ ಚೇರ್' ಎನ್ನುತ್ತಾರೆ. ಎದುರಿಗಿದ್ದವರಿಗೆ ಸರಿಯಲು ಸಮಯ ಸಿಗುವುದಿಲ್ಲ.

ಹೆಚ್ಚು ಓಡುವ 5 ತಪ್ಪು ಸಲಹೆಗಳು

1. ಏಣಿ ಹತ್ತಿ ಕೊಂಬೆ ಕೊಯ್ಯಿರಿ: ಭಾರ ಕಳಚಿದ ತಕ್ಷಣ ಉಳಿದ ಕೊಂಬೆ ಮೇಲಕ್ಕೆ ಚಿಮ್ಮುತ್ತದೆ, ಏಣಿಯ ಆಸರೆ ತಪ್ಪುತ್ತದೆ. ಬಿದ್ದ ಕೊಂಬೆ ಏಣಿಗೇ ಬಡಿಯಲೂಬಹುದು. ಮೇಲಿದ್ದವರ ಕೈಯಲ್ಲಿ ಓಡುತ್ತಿರುವ ಗರಗಸ ಇರುತ್ತದೆ.

2. ಒಂದೇ ಕೈಯಲ್ಲಿ ಚೈನ್‌ಸಾ ಹಿಡಿಯಿರಿ: ಚೈನ್‌ಸಾ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಬ್ಲೇಡಿನ ತುದಿಯ ಮೇಲ್ಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ, ಕುತ್ತಿಗೆಯತ್ತ ಎಗರುತ್ತದೆ. ಎರಡೂ ಕೈಗಳಿಂದ, ಹೆಬ್ಬೆರಳು ಹಿಡಿಕೆಯನ್ನು ಸುತ್ತುವಂತೆ ಹಿಡಿಯುವುದು ಇದಕ್ಕಾಗಿಯೇ.

3. ಜೀಪು, ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಯಿರಿ: ಹಗ್ಗ ಮರದ ಎತ್ತರಕ್ಕಿಂತ ಚಿಕ್ಕದಿದ್ದರೆ ಮರ ಬೀಳುವುದು ವಾಹನದ ಮೇಲೆಯೇ. ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ.

4. ಸಿಕ್ಕಿಹಾಕಿಕೊಂಡ ಮರದ ಕೆಳಗೆ ಹೋಗಿ ಬಿಡಿಸಿ: ಪಕ್ಕದ ಮರಕ್ಕೆ ಒರಗಿ ನಿಂತ ಮರ ಯಾವ ಕ್ಷಣದಲ್ಲಾದರೂ ಜಾರಬಹುದು. ಅದರ ಕೆಳಗೆ ಯಾರೂ ಕಾಲಿಡಬಾರದು.

5. ಗಾಳಿಗೆ ಬಿದ್ದ ಮರ ತಾನೇ, ತುಂಡು ಮಾಡಿ: ಬಿದ್ದ ಮರದಲ್ಲಿ ಬಿಲ್ಲಿನಂತೆ ಬಾಗಿ ಬಿಗಿದ ಕೊಂಬೆಗಳಿರುತ್ತವೆ. ಕಾಂಡ ತುಂಡಾದಾಗ ಬೇರಿನ ಗಡ್ಡೆ ಮತ್ತೆ ಗುಂಡಿಗೆ ಮಗುಚಬಹುದು. ಆ ಗುಂಡಿಯ ಬಳಿ ಮಕ್ಕಳು ಆಡುತ್ತಿದ್ದರೆ ಏನಾದೀತು, ಯೋಚಿಸಿ.

ವಿದ್ಯುತ್ ತಂತಿ ಇದ್ದರೆ ಮುಟ್ಟಲೇಬೇಡಿ

ಹಸಿ ಕೊಂಬೆ, ಒದ್ದೆ ಹಗ್ಗ, ಲೋಹದ ಏಣಿ ಎಲ್ಲವೂ ವಿದ್ಯುತ್ ಹರಿಸುತ್ತವೆ. 11 ಕೆ.ವಿ.ಯಂಥ ತಂತಿಯನ್ನು ಮುಟ್ಟದೆ ತೀರಾ ಹತ್ತಿರ ಹೋದರೂ ಅಪಾಯ. ತಂತಿಯ ಮೇಲೆ ಮರ ಬಿದ್ದಿದ್ದರೆ ಸುತ್ತಲಿನ ನೆಲದಲ್ಲೂ ವಿದ್ಯುತ್ ಇರಬಹುದು. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಲೈನ್ ಬಂದ್ ಆಗಿದೆ ಎಂದು ಸಿಬ್ಬಂದಿ ಖಚಿತಪಡಿಸುವವರೆಗೆ ಕಾಯಿರಿ.

ಒಳ್ಳೆಯ ವಿಡಿಯೊ ಗುರುತಿಸುವುದು ಹೇಗೆ?

ಹೇಳಿಕೊಡುವವರು ಹೆಲ್ಮೆಟ್, ಕಣ್ಣು-ಕಿವಿ ರಕ್ಷಣೆ, ಗಟ್ಟಿ ಬೂಟು, ಚೈನ್‌ಸಾ ಪ್ಯಾಂಟ್ ಧರಿಸಿದ್ದಾರೆಯೇ ನೋಡಿ. ಈ ಪ್ಯಾಂಟಿನೊಳಗಿನ ನಾರು ಸರಪಳಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ಲುಂಗಿ, ಚಪ್ಪಲಿಯಲ್ಲಿ ನಿಂತವರು ಎಷ್ಟು ಲಕ್ಷ ವ್ಯೂ ಪಡೆದಿದ್ದರೂ ಗುರುವಲ್ಲ.

ಮರ ಬೀಳುವ ದಿಕ್ಕಿನ ಹಿಂಬದಿಗೆ, ಓರೆಯಾಗಿ 45 ಡಿಗ್ರಿಯಲ್ಲಿ ಓಡುವ ದಾರಿಯನ್ನು ಮೊದಲೇ ಸ್ವಚ್ಛ ಮಾಡಿಕೊಂಡಿದ್ದನ್ನು ತೋರಿಸಿದ್ದಾರೆಯೇ? ಉಳಿದವರು ಮರದ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿದ್ದಾರೆಯೇ? 15 ಮೀಟರ್ ಮರಕ್ಕೆ ಇದು 30 ಮೀಟರ್. ಎಷ್ಟೋ ವಿಡಿಯೊಗಳಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುವವರೇ ಈ ಅಂತರದ ಒಳಗೆ ನಿಂತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, 'ಇಂಥ ಮರಕ್ಕೆ ಕೈ ಹಾಕಬೇಡಿ' ಎಂದು ಒಮ್ಮೆಯಾದರೂ ಹೇಳುತ್ತಾರೆಯೇ?

ಅನುಮತಿಯೂ ಬೇಕು

ಸ್ವಂತ ಜಾಗದ ಮರವೆಂದು ಕಡಿಯುವಂತಿಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಬೇಕು. ಮುಂಬೈ, ಪುಣೆಯಂಥ ನಗರಗಳಿಗೆ ಮಹಾರಾಷ್ಟ್ರದ 1975ರ ಕಾಯ್ದೆ, ದೆಹಲಿಗೆ 1994ರ ಕಾಯ್ದೆ, ಹೈದರಾಬಾದ್‌ಗೆ 2002ರ ಜಲ, ಭೂಮಿ ಮತ್ತು ವೃಕ್ಷ ಕಾಯ್ದೆ ಅನ್ವಯಿಸುತ್ತದೆ. ಅಪಾಯಕಾರಿ ಮರವಿದ್ದರೆ ಮೊದಲು ಪಾಲಿಕೆ ಅಥವಾ ಅರಣ್ಯ ಇಲಾಖೆಗೆ ಫೋಟೊ ಸಮೇತ ದೂರು ಕೊಡಿ. ಮುಂಬೈಯಲ್ಲಿ ಪಾಲಿಕೆಯ ವಿಪತ್ತು ಸಹಾಯವಾಣಿ 1916 ಇದೆ.

ಹಾಗಾದರೆ ನಾವೇ ಏನು ಮಾಡಬಹುದು?

ನೆಲದ ಮೇಲೆ ನಿಂತು, ಕೈಗರಗಸದಿಂದ ಎಟುಕುವ ಸಣ್ಣ ಕೊಂಬೆಗಳನ್ನು ಸವರಬಹುದು. ಅದನ್ನೂ ಒಬ್ಬರೇ ಇರುವಾಗ ಮಾಡಬೇಡಿ. ಮನೆ, ರಸ್ತೆ ಅಥವಾ ತಂತಿಯ ಹತ್ತಿರದ ಮರ, ವಾಲಿದ ಮರ, ಒಣಗಿದ ಅಥವಾ ಟೊಳ್ಳಾದ ಮರವನ್ನು ಅನುಭವಿಗಳಿಗೇ ಬಿಡಿ. ಅವರನ್ನು ಕರೆಸಿದಾಗಲೂ ಹೆಲ್ಮೆಟ್, ಸುರಕ್ಷತಾ ಹಗ್ಗ ಇದೆಯೇ ಎಂದು ಕೇಳಿ. ಕಡಿಮೆ ಕೂಲಿಗೆ ಬರಿಗಾಲಲ್ಲಿ ಮರ ಹತ್ತುವವರ ಜೀವವೂ ಅಷ್ಟೇ ಅಮೂಲ್ಯ. ಗಾಯವಾದರೆ ರಕ್ತ ಸೋರುವ ಜಾಗವನ್ನು ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 112ಕ್ಕೆ ಕರೆ ಮಾಡಿ.

ಊರಿನ ಮನೆಯಲ್ಲಿರುವ ಅಪ್ಪನೋ ತಮ್ಮನೋ 'ವಿಡಿಯೊ ನೋಡಿದ್ದೇನೆ, ನಾನೇ ಕಡಿಯುತ್ತೇನೆ' ಎಂದರೆ ಈ ಲೇಖನವನ್ನು ಅವರಿಗೆ ಕಳಿಸಿ. ಕೂಲಿಯ ಹಣವನ್ನು ಮತ್ತೆ ದುಡಿಯಬಹುದು.